ಅಜ್ಜಿಯನ್ನು ಒಂದೇ ಒಂದು ಪ್ರಶ್ನೆ ಕೇಳಿ!

ನಿಮಗೊಂದು ಸವಾಲು! ಮಿದುಳಿನ ಕಾಯಿಲೆ ಹೊರಗೆ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಅದರ ಸುಳಿವು ಹಿಡಿಯಬಲ್ಲವರು ಯಾರು? ನರರೋಗ ತಜ್ಞರೇ? ಅಲ್ಲ! ಕೋಟಿ ಬೆಲೆಯ ಸ್ಕ್ಯಾನಿಂಗ್ ಯಂತ್ರವೇ? ಅದೂ ಅಲ್ಲ!

ತಾತನ ಪಕ್ಕದಲ್ಲಿ ಮಲಗುವ ಅಜ್ಜಿ!

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಯಾವ ತಾಲ್ಲೂಕಿನ ಯಾವ ಹಳ್ಳಿಗಾದರೂ ಹೋಗಿ, ಇಂಥ ಅಜ್ಜಿಯರಿದ್ದಾರೆ. ಅವರಿಗೆ ಎಲ್ಲ ಗೊತ್ತು. ಇದುವರೆಗೆ ಯಾರೂ ಕೇಳಿಲ್ಲ, ಅಷ್ಟೆ!

ಪಾಂಡವಪುರದ ಕಡೆಯ ಒಂದು ಮನೆ ಎಂದುಕೊಳ್ಳಿ. ರಾತ್ರಿ ಮೂರು ಗಂಟೆ. ಎಪ್ಪತ್ತು ದಾಟಿದ ತಾತನಿಗೆ ಗಾಢ ನಿದ್ದೆ. ಕನಸಿನಲ್ಲಿ ಕಬ್ಬಿನ ಗದ್ದೆಗೆ ಕಾಡುಹಂದಿ ನುಗ್ಗಿದೆ! ತಾತ ಕೂಗುತ್ತಾರೆ. ಕೈ ಬೀಸುತ್ತಾರೆ. ಜಾಡಿಸಿ ಒದೆಯುತ್ತಾರೆ. ಏಟು ಬೀಳುವುದು ಹಂದಿಗಲ್ಲ, ಅಜ್ಜಿಗೆ! ಕಣ್ಣು ಮಾತ್ರ ಮುಚ್ಚಿಯೇ ಇದೆ. ಎಬ್ಬಿಸಿದರೆ? ತಟ್ಟನೆ ಎಚ್ಚರಾಗಿ ಕನಸನ್ನು ಚೆನ್ನಾಗಿಯೇ ಹೇಳುತ್ತಾರೆ!

ಬೆಳಿಗ್ಗೆ ಪಕ್ಕದ ಮನೆಯವರ ತೀರ್ಪು ಸಿದ್ಧ: "ಗಾಳಿಗೀಳಿ ಸೋಕಿರ್ಬೇಕು ಕಣವ್ವ, ಒಂದ್ ತಾಯ್ತ ಕಟ್ಸು." ಇಲ್ಲವೇ, ಅರವತ್ತಕ್ಕೆ ಅರಳು ಮರಳು ಎಂಬ ಸಮಾಧಾನ.

ಗಾಳಿಯೂ ಅಲ್ಲ, ಅರಳು ಮರಳೂ ಅಲ್ಲ! ನಡೆಯುತ್ತಿರುವುದು ಇನ್ನೂ ವಿಸ್ಮಯದ ಸಂಗತಿ.

ಕನಸು ದಟ್ಟವಾಗಿ ಬೀಳುವ ಹೊತ್ತಿನಲ್ಲಿ ನಮ್ಮ ಮೈಯೆಲ್ಲ ಮರಗಟ್ಟಿದಂತಿರುತ್ತದೆ, ಗೊತ್ತೇ? ಕಣ್ಣುಗುಡ್ಡೆ ಓಡಾಡುತ್ತದೆ, ಉಸಿರು ಆಡುತ್ತದೆ. ಕೈಕಾಲು ಮಾತ್ರ ಅಲ್ಲಾಡುವುದಿಲ್ಲ! ಮಿದುಳಿನ ಬುಡದಲ್ಲಿ ಒಂದು ಪುಟ್ಟ ಜಾಗವಿದೆ. ಅದು ಪ್ರತಿ ರಾತ್ರಿ ನಾಲೆಯ ತೂಬಿನಂತೆ ಮುಚ್ಚಿಕೊಳ್ಳುತ್ತದೆ. ಕನಸಿನ ಓಟ, ಜಗಳ ಯಾವುದೂ ಕೈಕಾಲಿಗೆ ಹರಿಯದಂತೆ ತಡೆಯುತ್ತದೆ.

ಆ ತೂಬು ಕೆಟ್ಟರೆ? ಫ್ರಾನ್ಸಿನ ವಿಜ್ಞಾನಿ ಮಿಶೆಲ್ ಜೂವೆ 1960ರ ದಶಕದಲ್ಲೇ ಬೆಕ್ಕುಗಳಲ್ಲಿ ಇದನ್ನು ತೋರಿಸಿದ್ದರು. ಮಿದುಳಿನ ಬುಡದ ಆ ಜಾಗಕ್ಕೆ ಪೆಟ್ಟಾದ ಬೆಕ್ಕುಗಳು ನಿದ್ದೆಯಲ್ಲೇ ಎದ್ದು ಕಾಣದ ಇಲಿಯ ಮೇಲೆ ಎಗರುವಂತೆ ಆಡಿದವು!

ಮನುಷ್ಯರಲ್ಲೂ ಹೀಗಾಗುತ್ತದೆ ಎಂದು 1986ರಲ್ಲಿ ಜಗತ್ತಿಗೆ ಹೇಳಿದವರು ಅಮೆರಿಕದ ಮಿನೆಸೋಟದ ವೈದ್ಯರಾದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್. ಅವರು ಇಂಥ 29 ಗಂಡಸರನ್ನು ಬಿಡದೆ ಗಮನಿಸುತ್ತ ಹೋದರು. ಎಲ್ಲರೂ ಐವತ್ತು ದಾಟಿದವರು, ಆಗ ನರದ ಕಾಯಿಲೆ ಇಲ್ಲದವರು. ಮುಂದೇನಾಯಿತು? ಊಹಿಸಿ!

1996ರ ಹೊತ್ತಿಗೆ 11 ಮಂದಿಗೆ, ಕೈ ನಡುಗಿಸಿ ನಡಿಗೆ ಕುಂದಿಸುವ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣ! 2013ರಲ್ಲಿ ಮತ್ತೆ ಎಣಿಸಿದರು. ಲೆಕ್ಕಕ್ಕೆ ಸಿಕ್ಕ 26 ಜನರಲ್ಲಿ ಪಾರ್ಕಿನ್ಸನ್ ಬಗೆಯ ಅಥವಾ ಮರೆವಿನ ಕಾಯಿಲೆಗೆ ತಿರುಗಿದವರು 21!

ಆಕಸ್ಮಿಕವಿರಬಹುದೇ? 2019ರಲ್ಲಿ ಹಲವು ದೇಶಗಳ 24 ಕೇಂದ್ರಗಳು ಇಂಥ 1,280 ಜನರ ಲೆಕ್ಕ ಒಟ್ಟುಗೂಡಿಸಿದವು. ಹನ್ನೆರಡು ವರ್ಷಗಳಲ್ಲಿ ಇಂಥ ಕಾಯಿಲೆಗೆ ತಿರುಗಿದವರು ನೂರಕ್ಕೆ 73ಕ್ಕೂ ಹೆಚ್ಚು!

ಕಾರಣ? ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೋಟೀನ್. ಅದು ಗಂಟುಗಟ್ಟಿ ನರಕೋಶಗಳನ್ನು ಕೆಡಿಸುತ್ತದೆ. ಅನೇಕರಲ್ಲಿ ಮೊದಲು ಹಿಡಿಯುವುದು ಮಿದುಳಿನ ಬುಡವನ್ನೇ! ಅಲ್ಲಿಂದ ಮೇಲಕ್ಕೆ ಹಬ್ಬುತ್ತದೆ. ಚಲನೆಯ ಭಾಗಕ್ಕೆ ಬಂದರೆ ಪಾರ್ಕಿನ್ಸನ್. ಯೋಚನೆಯ ಭಾಗಕ್ಕೆ ಬಂದರೆ ಲೆವಿ ಬಾಡಿ ಎಂಬ ಮರೆವು.

ಇನ್ನೊಂದು ಅಚ್ಚರಿ ಕೇಳಿ! ಹಗಲು ಹೊತ್ತು ಕೈ ನಡುಗುವ, ಹೆಜ್ಜೆ ಎತ್ತಿಡಲು ಒದ್ದಾಡುವ ಪಾರ್ಕಿನ್ಸನ್ ರೋಗಿಗಳು ಕನಸಿನಲ್ಲಿ ಹೇಗಿರುತ್ತಾರೆ? ಚುರುಕಾಗಿ ಕೈಕಾಲು ಆಡಿಸುತ್ತಾರೆ, ಗಟ್ಟಿ ದನಿಯಲ್ಲಿ ಮಾತಾಡುತ್ತಾರೆ! ಪ್ಯಾರಿಸ್‌ನ ವೈದ್ಯರು 2007ರಲ್ಲಿ ಇದನ್ನು ದಾಖಲಿಸಿದರು. ಅವರಿಗೂ ಮೊದಲ ಸಾಕ್ಷಿ ಹೇಳಿದವರು ಪಕ್ಕದಲ್ಲಿ ಮಲಗುವವರೇ!

ಈಗ ಆ ಒಂದು ಪ್ರಶ್ನೆ. 2012ರಲ್ಲಿ ಕೆನಡಾದ ರೊನಾಲ್ಡ್ ಪೊಸ್ತುಮಾ ಮತ್ತು ಸಂಗಡಿಗರು ಪರೀಕ್ಷಿಸಿದ್ದು: "ನಿದ್ದೆಯಲ್ಲಿ ಕನಸನ್ನು ನಟಿಸಿದಂತೆ ಕೈ ಬೀಸುವುದು, ಗುದ್ದುವುದು, ಓಡುವಂತೆ ಮಾಡುವುದು ಉಂಟೇ?" ಅಷ್ಟೇ! ಈ ತೊಂದರೆ ಇದ್ದ ನೂರರಲ್ಲಿ ಸುಮಾರು 94 ಜನ ಈ ಒಂದೇ ಪ್ರಶ್ನೆಗೆ ಸಿಕ್ಕಿಬಿದ್ದರು! ಖರ್ಚು? ಸೊನ್ನೆ!

ಹೆದರಬೇಡಿ. ಎಲ್ಲ ಕನವರಿಕೆಯೂ ರೋಗವಲ್ಲ. ಗೊರಕೆಯ ನಡುವೆ ಉಸಿರು ಕಟ್ಟುವವರೂ ಹೀಗೆ ಹೊರಳಾಡಬಹುದು. ಖಿನ್ನತೆಯ ಕೆಲವು ಮಾತ್ರೆಗಳೂ ಹೀಗೆ ಮಾಡಿಸಬಲ್ಲವು. ಈ ಎರಡಕ್ಕೂ ದಾರಿಯಿದೆ!

ಸಂಜೆಯಾದರೆ ಕಾಲು ಸೆಳೆದು, ಒಳಗೇ ಏನೋ ಹರಿದಾಡಿದಂತಾಗಿ, ನಡೆದಾಡಿದರೆ ಮಾತ್ರ ನೆಮ್ಮದಿ ಎನ್ನುತ್ತಾರೆಯೇ? ಅದು ಬೇರೆಯೇ ತೊಂದರೆ. 1945ರಲ್ಲಿ ಸ್ವೀಡನ್ನಿನ ವೈದ್ಯ ಎಕ್‌ಬೊಮ್ ಅದನ್ನು ವಿವರವಾಗಿ ಬರೆದರು. ಅನೇಕರಲ್ಲಿ ಮೂಲ ಏನು ಗೊತ್ತೇ? ಕಬ್ಬಿಣಾಂಶದ ಕೊರತೆ! ಒಂದು ರಕ್ತಪರೀಕ್ಷೆ ಸಾಕು, ಗುಟ್ಟು ರಟ್ಟು!

ಮಿದುಳಿನ ಅಧ್ಯಯನದಲ್ಲಿ ನಮ್ಮ ರಾಜ್ಯವೇನೂ ಹಿಂದಿಲ್ಲ! ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಗುರಿಯೊಂದಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೆಲಸಕ್ಕಿಳಿದಿದೆ. ನಗರದವರನ್ನಲ್ಲ, ರೈತಾಪಿ ಜನರನ್ನು! ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಮರೆವಿನ ಕಾಯಿಲೆಯವರು ಸುಮಾರು 88 ಲಕ್ಷ ಎಂಬ ಅಂದಾಜಿದೆ. ಹಾಗಿರುವಾಗ ಹಳ್ಳಿಯ ಮಿದುಳನ್ನು ಅರಿಯುವುದು ಎಂಥ ದೊಡ್ಡ ಕೆಲಸ!

ಪಾರ್ಕಿನ್ಸನ್ ಬಾರದಂತೆ ತಡೆಯುವ ಮದ್ದು ಇನ್ನೂ ಬಂದಿಲ್ಲ, ನಿಜ. ಆದರೆ ರಾತ್ರಿಯ ಈ ಹೊಡೆದಾಟ ತಗ್ಗಿಸುವ ಮಾತ್ರೆಗಳಿವೆ, ವೈದ್ಯರು ಕೊಡುತ್ತಾರೆ. ನಡಿಗೆ, ವ್ಯಾಯಾಮ ಮಿದುಳಿಗೂ ಒಳ್ಳೆಯದು. ಮುಂಚೆ ಗೊತ್ತಾದರೆ ಮನೆಯವರು ಸಿದ್ಧರಾಗಿರುತ್ತಾರೆ!

ಹಾಗಾದರೆ ಇಂದೇ ಏನು ಮಾಡುತ್ತೀರಿ? ತಾತನ ಹಾಸಿಗೆ ನೆಲಕ್ಕಿಳಿಸಿ. ಕುಡುಗೋಲು, ಮಚ್ಚು, ಗಾಜಿನ ಲೋಟ ದೂರವಿಡಿ. ಅಜ್ಜಿ ಕೆಲದಿನ ಬೇರೆ ಮಲಗಲಿ. ಮೊಬೈಲಿನಲ್ಲಿ ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆ. ರಾತ್ರಿಯಿಡೀ ನಿದ್ದೆ ಅಳೆಯುವ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಅದಕ್ಕೂ ಮೊದಲು ಅಜ್ಜಿಯ ಹತ್ತಿರ ಕೂತು ಆ ಪ್ರಶ್ನೆ ಕೇಳಿ. ತಾಯತಕ್ಕೆ ದುಡ್ಡು ಹಾಕುವ ಮುನ್ನ ಕೇಳಿ. ನಾಳೆ ಅನ್ನಬೇಡಿ, ಇವತ್ತೇ ಕೇಳಿ!