ಮಾವನವರ ನೆನಪಿನಲ್ಲಿ ನಗುವಿಗೂ ಒಂದು ಎಡೆ

ಕನ್ನಡ ನಾಡಿನ ಕುಟುಂಬಗಳಲ್ಲಿ ಮಾವನವರ ಎದುರು ಅಳಿಯನಾಗಲಿ ಸೊಸೆಯಾಗಲಿ ಮನಬಿಚ್ಚಿ ನಕ್ಕು ಮಾತಾಡುವುದು ಬಹುಕಾಲ ರೂಢಿಯಲ್ಲಿರಲಿಲ್ಲ. ಅಳಿಯ ಬಂದನೆಂದರೆ ಮಾವ ಅಂಗಿ ತೊಟ್ಟು ಪಡಸಾಲೆಗೆ ಬರುವುದು, ಮಾವ ಬಂದರೆ ಅಳಿಯ ಕಾಲ ಮೇಲಿನ ಕಾಲು ಇಳಿಸಿ ನೆಟ್ಟಗೆ ಕೂರುವುದು, ಉತ್ತರ ಕರ್ನಾಟಕದ ಸೊಸೆ ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳುವುದು ಇವೆಲ್ಲ ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿರುವ ಮರ್ಯಾದೆಯ ನಡೆಗಳು. ಈ ಮರ್ಯಾದೆಯ ಒಳಗೇ ವರ್ಷಗಟ್ಟಲೆ ಬೆಳೆದ ಅಕ್ಕರೆಗೂ, ಆ ಹಿರಿಯರ ಅಭ್ಯಾಸಗಳನ್ನು ಕಂಡು ಒಳಗೊಳಗೇ ನಕ್ಕ ನಗುವಿಗೂ ಅವರು ಬದುಕಿರುವಾಗ ಬಾಯಿ ಬರುವುದು ಅಪರೂಪ. ಅವರು ತೀರಿಕೊಂಡು ಕರ್ಮಾಂತರಗಳು ಮುಗಿಯುವ ಹೊತ್ತಿಗೆ ಆ ನಗು ತಾನಾಗಿ ಹೊರಬರುತ್ತದೆ. ಅದನ್ನು ಅನುಚಿತವೆಂದು ತಡೆಯಬೇಕಾಗಿಲ್ಲ, ಏಕೆಂದರೆ ಶೋಕದ ಯೋಗ್ಯ ರೂಪಗಳಲ್ಲಿ ಅದೂ ಒಂದು.

ಈ ಬಿಗುಮಾನಕ್ಕೆ ಕಾರಣವನ್ನು ಬ್ರಿಟಿಷ್ ಮಾನವಶಾಸ್ತ್ರಜ್ಞ ಎ.ಆರ್. ರ‍್ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ವಿವರಿಸಿದ್ದಾನೆ. ಮದುವೆಯು ಎರಡು ಮನೆತನಗಳನ್ನು ಕೂಡಿಸುತ್ತದೆಯಾದರೂ ಅವುಗಳ ಹಿತಾಸಕ್ತಿಗಳು ಬೇರೆಬೇರೆಯಾಗಿಯೇ ಉಳಿಯುವುದರಿಂದ ಜಗಳಕ್ಕೆ ಆಸ್ಪದವಿರುತ್ತದೆ. ಆ ಜಗಳವನ್ನು ತಪ್ಪಿಸಲು ಸಮಾಜಗಳು ಕೆಲವು ನಂಟರ ನಡುವೆ ಅತಿಯಾದ ಗೌರವವನ್ನೂ ಅಂತರವನ್ನೂ ವಿಧಿಸುತ್ತವೆ, ಇನ್ನು ಕೆಲವರ ನಡುವೆ ಕೀಟಲೆಗೆ ಅನುಮತಿ ಕೊಡುತ್ತವೆ ಎಂಬುದು ಅವನ ವಾದದ ಸಾರ. ಒಬ್ಬರು ಛೇಡಿಸಬಹುದಾದ, ಛೇಡಿಸಿಕೊಂಡವರು ಸಿಟ್ಟಾಗಬಾರದ ಈ ಎರಡನೆಯ ಬಗೆಯನ್ನು ಪರಿಹಾಸದ ಸಂಬಂಧವೆಂದು ಕರೆಯುತ್ತಾರೆ. ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಒಬ್ಬರನ್ನೊಬ್ಬರು ಹಾಡುಕಟ್ಟಿ ಮೂದಲಿಸುವ ಬೀಗರ ಹಾಡುಗಳು, ಭಾವ ಮೈದುನರ ನಡುವಿನ ಚೇಷ್ಟೆ ಇವು ಕನ್ನಡಿಗರಿಗೆ ತಿಳಿದಿರುವ ಪರಿಹಾಸ; ಮಾವ ಮಾತ್ರ ಗೌರವದ ಕಡೆಗೆ ಸೇರಿದವರು. ಸೋದರಮಾವನ ಮಗನನ್ನೇ ವರಿಸಿದ ಹೆಣ್ಣಿನ ಮಾತು ಬೇರೆ: ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವರೇ ಅವಳಿಗೆ ಮಾವನವರಾಗುವುದರಿಂದ ಸಲುಗೆ ಮೊದಲು ಬಂದು ಮರ್ಯಾದೆ ಆಮೇಲೆ ಸೇರಿಕೊಳ್ಳುತ್ತದೆ.

ಸಾವಿನ ಮನೆಯಲ್ಲಿ ಅಳಿಯನ ಸ್ಥಾನವೂ ವಿಶಿಷ್ಟವಾದುದು. ಹತ್ತಿರದವರ ಸಾವಿನಿಂದ ಕೆಲವು ದಿನ ಪಾಲಿಸಬೇಕಾದ ಕಟ್ಟುಪಾಡಿಗೆ ಸೂತಕವೆಂದು ಹೆಸರು. ಧರ್ಮಶಾಸ್ತ್ರವನ್ನು ಅನುಸರಿಸುವ ಮನೆಗಳಲ್ಲಿ ಅದು ಮಗನಿಗೂ ಸೊಸೆಗೂ ಹತ್ತು ದಿನಗಳಾದರೆ ಅಳಿಯನಿಗೆ ಅದಕ್ಕಿಂತ ಕಡಿಮೆ. ಹೀಗೆ ಅರ್ಧ ಒಳಗೆ, ಅರ್ಧ ಹೊರಗೆ ನಿಂತ ಅಳಿಯನ ಪಾಲಿಗೆ ಶಾಮಿಯಾನ, ಅಡುಗೆಯವರು, ದೂರದ ಊರಿನಿಂದ ಬರುವವರನ್ನು ಬಸ್ ನಿಲ್ದಾಣದಿಂದ ಕರೆತರುವ ಕೆಲಸ ಎಲ್ಲವೂ ಬೀಳುತ್ತವೆ, ಮತ್ತು ಮಕ್ಕಳು ಅಳುವಿನಲ್ಲಿ ಹೇಳಲಾಗದ ಮಾತನ್ನು ಆಡುವ ಅವಕಾಶವೂ ಹೆಚ್ಚಾಗಿ ಅವನಿಗೇ ಸಿಗುತ್ತದೆ. ಮಹಾಲಯದ ತರ್ಪಣದಲ್ಲಿ ನೀರು ಪಡೆಯುವವರ ಪಟ್ಟಿಯಲ್ಲಿ ಹೆಣ್ಣು ಕೊಟ್ಟ ಮಾವನ ಹೆಸರೂ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಮಾವನನ್ನು ನೆನೆದು ಅಳಿಯ ಬರೆದ ಬರಹಗಳಲ್ಲಿ ಪ್ರಸಿದ್ಧವಾದುದು ರೋಮಿನ ಇತಿಹಾಸಕಾರ ಟ್ಯಾಸಿಟಸ್‌ನ ‘ಅಗ್ರಿಕೊಲ’. ಬ್ರಿಟನ್ನಿನ ರಾಜ್ಯಪಾಲನಾಗಿದ್ದ ಅಗ್ರಿಕೊಲ ಕ್ರಿ.ಶ. 93ರಲ್ಲಿ ತೀರಿಕೊಂಡಾಗ ಅಳಿಯನೂ ಮಗಳೂ ದೂರದಲ್ಲಿದ್ದರು, ಕೊನೆಯ ಗಳಿಗೆಯಲ್ಲಿ ಹಾಸಿಗೆಯ ಪಕ್ಕ ಇರಲಾಗಲಿಲ್ಲವೆಂಬ ಕೊರಗು ಸುಮಾರು 98ರಲ್ಲಿ ಬರೆದ ಆ ಪುಸ್ತಕದ ಕೊನೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪುಸ್ತಕದ ಹೆಚ್ಚು ಭಾಗ ದಂಡಯಾತ್ರೆ ಮತ್ತು ಆಡಳಿತದ ವರ್ಣನೆಯೇ ಆದರೂ ಆರಂಭದಲ್ಲಿ ಮನೆಯೊಳಗಿನ ಒಂದು ಮಾತು ಇಣುಕುತ್ತದೆ: ಎಳೆಯ ವಯಸ್ಸಿನಲ್ಲಿ ತನಗೆ ತತ್ತ್ವಶಾಸ್ತ್ರದ ಹುಚ್ಚು ರೋಮಿನ ಗಣ್ಯನೊಬ್ಬನಿಗೆ ಒಪ್ಪುವುದಕ್ಕಿಂತ ಹೆಚ್ಚಾಗಿತ್ತೆಂದೂ, ತಾಯಿಯ ವಿವೇಕ ಅದಕ್ಕೆ ಕಡಿವಾಣ ಹಾಕಿತೆಂದೂ ಅಗ್ರಿಕೊಲ ಸ್ವತಃ ಹೇಳಿಕೊಳ್ಳುತ್ತಿದ್ದುದು ನೆನಪಿದೆಯೆಂದು ಅಳಿಯ ದಾಖಲಿಸುತ್ತಾನೆ. ಯುದ್ಧಗಳನ್ನು ಗೆದ್ದ ಸೇನಾನಿಯ ಹಿಂದೆ ಊಟದ ಹೊತ್ತಿನಲ್ಲಿ ಹಳೆಯ ಕಥೆ ಹೇಳುವ ಮಾವ ಆ ಒಂದೆರಡು ಸಾಲಿನಲ್ಲಿ ಕಾಣಿಸುತ್ತಾನೆ. ಇಡೀ ಪುಸ್ತಕದಲ್ಲಿ ಅವನು ಓದುಗರಿಗೆ ತೀರ ಹತ್ತಿರ ಬರುವುದು ಅಲ್ಲಿಯೇ.

ಮಾವನವರ ಬಗ್ಗೆ ಬಾಯಿಂದ ಬಾಯಿಗೆ ಉಳಿಯುವುದು ಇಂಥ ಸಣ್ಣ ಸಂಗತಿಗಳೇ. ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆಯುವುದು, ಎಂಟು ಗಂಟೆಯ ಬಸ್ಸಿಗೆ ಆರಕ್ಕೇ ಹೋಗಿ ನಿಲ್ಲುವುದು, ಯಾರೂ ಇಲ್ಲದ ಕೋಣೆಯ ಫ್ಯಾನು ಆರಿಸಲು ನಡುರಾತ್ರಿ ಏಳುವುದು, ಆಕಾಶವಾಣಿಯ ವಾರ್ತೆ ಬರುವಾಗ ಮನೆಯವರೆಲ್ಲರ ಬಾಯಿ ಮುಚ್ಚಿಸುವುದು ಒಂದು ತಲೆಮಾರಿನ ಮಾವಂದಿರ ಸಮಾನ ಲಕ್ಷಣಗಳೆನ್ನಬಹುದು. ಆ ತಲೆಮಾರಿನವರು ಅಳಿಯನಿಗೆ ಮದುವೆಯಲ್ಲಿ ಕೊಟ್ಟ ಉಡುಗೊರೆಗಳಲ್ಲಿ ಎಚ್‌ಎಂಟಿ ಕೈಗಡಿಯಾರ ಮುಖ್ಯವಾದುದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯಿಂದ ಹೊರಬಂದ ‘ಜನತಾ’ದಂಥ ಗಡಿಯಾರಗಳಿಗೆ ದಿನಕ್ಕೊಮ್ಮೆ ಕೀಲಿ ಕೊಡಬೇಕಿತ್ತು, ಕೀಲಿ ಮರೆತರೆ ಗಡಿಯಾರ ನಿಲ್ಲುತ್ತಿತ್ತು, ನಿಂತ ಗಡಿಯಾರ ಕಟ್ಟಿಕೊಂಡು ಬಂದ ಅಳಿಯನಿಗೆ ಮಾವ ಹೇಳಿದ ಬುದ್ಧಿಮಾತು ಎಷ್ಟೋ ಮನೆಗಳಲ್ಲಿ ದೊಡ್ಡ ಹಾಸ್ಯಪ್ರಸಂಗವಾಗಿ ಉಳಿದಿದೆ.

ಹಳೆ ಮೈಸೂರಿನ ಕಡೆ ಅನೇಕ ಸಮುದಾಯಗಳು ಹನ್ನೊಂದನೆಯ ದಿನದ ತಿಥಿಯಲ್ಲೂ, ಭಾದ್ರಪದದ ಕೃಷ್ಣಪಕ್ಷದಲ್ಲಿ ಬರುವ ಹಿರಿಯರ ಹಬ್ಬದಲ್ಲೂ ಇಡುವ ಎಡೆಯೇ ಈ ನೆನಪುಗಳಿಗೆ ವೇದಿಕೆ. ತೀರಿಕೊಂಡವರಿಗೆ ಇಷ್ಟವಾಗಿದ್ದುದನ್ನೆಲ್ಲ ಬಾಳೆಯೆಲೆಯ ಮೇಲೆ ಬಡಿಸಿಡುವುದಕ್ಕೆ ಎಡೆಯೆಂದು ಹೆಸರು. ಭಾವಚಿತ್ರದ ಮುಂದೆ ಹೊಸ ಪಂಚೆ ಮತ್ತು ಅಂಗಿ, ಎಲೆಯ ಮೇಲೆ ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಎಲೆಯಡಿಕೆ, ಬೀಡಿ ಸೇದುತ್ತಿದ್ದವರಾದರೆ ಒಂದು ಕಟ್ಟು ಬೀಡಿ ಮತ್ತು ಬೆಂಕಿಪೊಟ್ಟಣ. ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತಾಗ ಮಾತು ಶುರುವಾಗುತ್ತದೆ. ಸಕ್ಕರೆ ಕಾಯಿಲೆಯಿಂದಾಗಿ ಮಾವನವರಿಗೆ ಸಿಹಿ ಕೊಡಬಾರದೆಂದು ವೈದ್ಯರು ಹೇಳಿದ್ದಾಗ ಕಜ್ಜಾಯದ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಟ್ಟ ಸೊಸೆಯೇ ಈಗ ಎರಡು ಹೆಚ್ಚಾಗಿ ಬಡಿಸಿ, ಇನ್ನು ಯಾವ ಡಾಕ್ಟರೂ ಬೇಡವೆನ್ನುವುದಿಲ್ಲ, ತಿನ್ನಿ ಮಾವ ಎಂದಾಗ ನಿಂತವರೆಲ್ಲ ನಗುತ್ತಾರೆ, ಕೆಲವರ ಕಣ್ಣು ಒದ್ದೆಯಾಗುತ್ತದೆ. ವರ್ಷಗಟ್ಟಲೆ ಬೇಡವೆಂದು ಹೇಳಬೇಕಾಗಿ ಬಂದ ಒಬ್ಬ ಹೆಣ್ಣುಮಗಳ ಸಂಕಟಕ್ಕೆ ಇದಕ್ಕಿಂತ ಒಳ್ಳೆಯ ಬಿಡುಗಡೆ ಇರಲಾರದು.

ಮನೋವಿಜ್ಞಾನವೂ ಈ ನಡೆಯನ್ನು ಬೆಂಬಲಿಸುತ್ತದೆ. ತೀರಿಕೊಂಡವರಿಂದ ಮನಸ್ಸನ್ನು ಕ್ರಮೇಣ ಬಿಡಿಸಿಕೊಳ್ಳುವುದೇ ಶೋಕದ ಕೆಲಸವೆಂದು ಫ್ರಾಯ್ಡ್ 1917ರಲ್ಲಿ ಬರೆದಿದ್ದ. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು ಸಂಪಾದಿಸಿದ ಗ್ರಂಥವು ಇದನ್ನು ಪ್ರಶ್ನಿಸಿ, ಸತ್ತವರೊಂದಿಗೆ ಒಂದು ಬಗೆಯ ನಂಟನ್ನು ಉಳಿಸಿಕೊಂಡೇ ಜನ ಚೇತರಿಸಿಕೊಳ್ಳುತ್ತಾರೆಂದು ತೋರಿಸಿತು. ಮರುವರ್ಷವೇ ಡ್ಯಾಕರ್ ಕೆಲ್ಟ್‌ನರ್ ಮತ್ತು ಜಾರ್ಜ್ ಬೊನಾನೊ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯನ್ನು ಕಳೆದುಕೊಂಡ ಆರು ತಿಂಗಳ ಬಳಿಕ ಅವರ ಬಗ್ಗೆ ಮಾತಾಡುತ್ತ ಕಣ್ಣಂಚು ಸುಕ್ಕುಗಟ್ಟುವಂತೆ ನಿಜವಾಗಿ ನಕ್ಕವರಲ್ಲಿ ಸಿಟ್ಟು ಕಡಿಮೆಯಿದ್ದುದೂ ಇತರರೊಂದಿಗಿನ ಸಂಬಂಧ ಉತ್ತಮವಾಗಿದ್ದುದೂ ಕಂಡುಬಂದಿತು. ಆ ಅಧ್ಯಯನ ಗಂಡ ಹೆಂಡತಿಯರನ್ನು ಕುರಿತದ್ದಾದ್ದರಿಂದ ಅದನ್ನು ಮಾವ ಅಳಿಯಂದಿರಿಗೆ ಹಾಗೆಯೇ ಅನ್ವಯಿಸಲಾಗದು, ಆದರೂ ಎಡೆಯ ಮನೆಯ ಅನುಭವ ಅದಕ್ಕೆ ವಿರುದ್ಧವಾಗಿಲ್ಲ.

ಈ ನಗುವಿಗೆ ಎಲ್ಲೆಯೂ ಇದೆ. ಅಭ್ಯಾಸ, ಹಟ, ಮಿತವ್ಯಯ, ಅಡ್ಡಹೆಸರು ಇವುಗಳ ಬಗ್ಗೆ ನಗಬಹುದು. ಕೊನೆಯ ದಿನಗಳ ಮರೆವು, ನಡುಗುವ ಕೈ, ಪರಾಧೀನತೆ ಇವು ನಗುವ ವಸ್ತುಗಳಲ್ಲ. ಅತ್ತೆಯವರು ಇನ್ನೂ ಮಾತಾಡುವ ಸ್ಥಿತಿಯಲ್ಲಿಲ್ಲದಿದ್ದರೆ ಕಾಯಬೇಕು, ಮೊದಲ ಕಥೆ ಅವರ ಬಾಯಿಂದಲೇ ಬಂದರೆ ಇನ್ನೂ ಒಳ್ಳೆಯದು. ಪತ್ರಿಕೆಗಳ ಶ್ರದ್ಧಾಂಜಲಿಯಲ್ಲಿ ಎಲ್ಲ ಹಿರಿಯರೂ ಸ್ನೇಹಜೀವಿ, ಧರ್ಮಭೀರು, ಸರಳ ಸಜ್ಜನರಾಗಿಬಿಡುತ್ತಾರೆ, ಆ ವಿಶೇಷಣಗಳ ನಡುವೆ ಕರೆಯೋಲೆಯ ಹಿಂದೆ ಹಾಲಿನ ಲೆಕ್ಕ ಬರೆದ ಮನುಷ್ಯ ಸಿಗುವುದಿಲ್ಲ. ಹಾಗಾಗಿ ಅವರ ಒಡಹುಟ್ಟಿದವರೂ ವಾಕಿಂಗ್ ಜೊತೆಗಾರರೂ ಬದುಕಿರುವಾಗಲೇ, ಹೇಳಿದವರ ಹೆಸರಿನೊಂದಿಗೆ ಈ ಪ್ರಸಂಗಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅಳಿಯನೂ ಸೊಸೆಯೂ ಮಾಡಬಹುದಾದ ಕೆಲಸ. ಮೊದಲ ವರ್ಷದ ತಿಥಿಗೆ ಎಲ್ಲರೂ ಸೇರಿದಾಗ ಅದನ್ನು ಗಟ್ಟಿಯಾಗಿ ಓದಿದರೆ ಬಸ್ಸು ಯಾವ ಊರಿನದು, ಅಂದು ಮಾವ ನಿಜಕ್ಕೂ ಏನೆಂದರು ಎಂಬ ವಾದ ಹುಟ್ಟುತ್ತದೆ, ಮತ್ತು ಆ ವಾದವನ್ನು ತೀರ್ಮಾನಿಸುವುದು ಅತ್ತೆಯವರೇ.