ಚೀಟಿ ಎತ್ತಿ ಹಿಡಿದ ತಪ್ಪುಗಳು

ಮನೆಯ ವೈಫೈ ರೂಟರಿನಂಥ ಪುಟ್ಟ ಪೆಟ್ಟಿಗೆಗಳೊಳಗೂ ಲಿನಕ್ಸ್ ಓಡುತ್ತದೆ. ಆದರೆ ಅದನ್ನು ಕಟ್ಟುವುದು ಬೇರೆ ಕಡೆ. ಎಂಜಿನಿಯರ್ ತನ್ನ ದೊಡ್ಡ ಕಂಪ್ಯೂಟರಿನಲ್ಲಿ ಕೂತು, ಆ ಪೆಟ್ಟಿಗೆಯ ಪ್ರೊಸೆಸರಿಗೆ ಒಗ್ಗುವಂತೆ ಹತ್ತಾರು ತಂತ್ರಾಂಶಗಳನ್ನು ಸೋರ್ಸ್ ಕೋಡಿನಿಂದ ಕಟ್ಟುತ್ತಾನೆ. ಈ ಕೆಲಸಕ್ಕೆ ಬಳಸುವ ಮುಕ್ತ ಸಾಧನಗಳಲ್ಲಿ ಬಿಲ್ಡ್‌ರೂಟ್ ಒಂದು.

2001ರಲ್ಲಿ ಅದು ಹುಟ್ಟಿದ್ದು ಯೂಸಿಲಿಬ್‌ಸಿ ಎಂಬ ಚಿಕ್ಕ ಸಿ ಲೈಬ್ರರಿಯನ್ನು ಪರೀಕ್ಷಿಸಲೆಂದು. ಪರೀಕ್ಷೆಗೆ ಹಾಕಿದ ಚಪ್ಪರದಲ್ಲೇ ಜನ ಸಂಸಾರ ಹೂಡಿದರು. ಅದರಲ್ಲಿ ಕಟ್ಟಬಹುದಾದ ತಂತ್ರಾಂಶಗಳು, ಅಂದರೆ ಪ್ಯಾಕೇಜುಗಳು, ಬೆಳೆದವು, ಬಿಡುಗಡೆಗೆ ಮಾತ್ರ ಹೊತ್ತುಗೊತ್ತು ಇರಲಿಲ್ಲ. 2009ರ ಜನವರಿಯಲ್ಲಿ ಪೀಟರ್ ಕೋರ್ಸ್‌ಗಾರ್ಡ್ ಹೊಣೆ ಹೊತ್ತರು, ಮರುತಿಂಗಳೇ 2009.02 ಆವೃತ್ತಿ ಹೊರಬಂತು. ಆಮೇಲೆ ಮೂರು ತಿಂಗಳಿಗೊಂದು ಬಿಡುಗಡೆ ರೂಢಿಯಾಯಿತು.

ಉಳಿದದ್ದು ಭರವಸೆಯ ಪ್ರಶ್ನೆ. ಇಂದು 2,500ಕ್ಕೂ ಹೆಚ್ಚು ಪ್ಯಾಕೇಜುಗಳು, ಹಲವು ಬಗೆಯ ಪ್ರೊಸೆಸರುಗಳು. ಇವುಗಳ ಜೋಡಣೆಗಳನ್ನೆಲ್ಲ ಪರೀಕ್ಷಿಸಿ ಮುಗಿಸಲು ಯಾರಿಂದಲೂ ಆಗದು.

ಫ್ರಾನ್ಸಿನ ತೋಮಾ ಪೆಟಾಝೋನಿ ಇದಕ್ಕೆ ಹಿಡಿದದ್ದು ಚೀಟಿ ಎತ್ತುವ ದಾರಿ. ಅವರು ಬೆಳೆಸಿದ ‘ಆಟೊಬಿಲ್ಡರ್’ ವ್ಯವಸ್ಥೆಯಲ್ಲಿ ಕಂಪ್ಯೂಟರುಗಳು ಹಗಲೂ ರಾತ್ರಿ ಒಂದು ಪ್ರೊಸೆಸರನ್ನೂ ಕೈಗೆ ಸಿಕ್ಕ ಪ್ಯಾಕೇಜುಗಳನ್ನೂ ಆರಿಸಿ ಕಟ್ಟಿ ನೋಡುತ್ತವೆ. ಮುರಿದರೆ ಲಾಗ್ ದಾಖಲಾಗುತ್ತದೆ. ಮನುಷ್ಯರು ಎಂದೂ ಕೂಡಿಸದ ಜೋಡಿಗಳು ಇಲ್ಲಿ ಕೂಡುತ್ತವೆ. ಉದಾಹರಣೆಗೆ, ಎಂಎಂಯು (ಮೆಮೊರಿ ನಿರ್ವಹಣೆಯ ಘಟಕ) ಇಲ್ಲದ ಚಿಪ್ಪಿನಲ್ಲಿ, ಹೊಸ ಪ್ರಕ್ರಿಯೆಯನ್ನು ಹುಟ್ಟಿಸುವ ‘ಫೋರ್ಕ್’ ಕರೆ ಸಿಗುವುದಿಲ್ಲ. ಅದನ್ನು ನೆಚ್ಚಿದ ಪ್ಯಾಕೇಜು ಅಂಥ ಚಿಪ್ಪಿಗೆಂದು ಕಟ್ಟಲು ಹೋದರೆ ಮುಗ್ಗರಿಸುತ್ತದೆ.

ಇನ್ನೊಂದು ಬಗೆಯ ತಪ್ಪು ಇದಕ್ಕಿಂತ ಕಳ್ಳ. ಕಪಾಟಿನಲ್ಲಿ ಇಂಗು ಕಂಡರೆ ಸಾರಿಗೆ ಹಾಕುವ, ಕಾಣದಿದ್ದರೆ ಬಿಡುವ ಅಡುಗೆಯವರಂತೆ, ಹಲವು ತಂತ್ರಾಂಶಗಳು ಕಟ್ಟುವಾಗ ಸುತ್ತ ಕಣ್ಣಾಡಿಸಿ ಸಿಕ್ಕ ಲೈಬ್ರರಿಯನ್ನು ಬಳಸಿಕೊಳ್ಳುತ್ತವೆ. ಆ ಲೈಬ್ರರಿ ಮೊದಲೇ ಸಿದ್ಧವಾಗಿದ್ದರೆ ಒಂದು ಫಲ, ತಡವಾಗಿ ಬಂದರೆ ಇನ್ನೊಂದು. ಹೀಗಾಗಿ ಪ್ಯಾಕೇಜುಗಳನ್ನು ಒಂದಾದ ಮೇಲೊಂದರಂತೆ, ಗೊತ್ತಾದ ಸರದಿಯಲ್ಲೇ ಕಟ್ಟಬೇಕಿತ್ತು. ಎಷ್ಟೋ ಕೋರ್‌ಗಳಿದ್ದ ಕಂಪ್ಯೂಟರ್ ಬಹಳ ಹೊತ್ತು ಸುಮ್ಮನೆ ಕೂರುತ್ತಿತ್ತು.

ಪೆಟಾಝೋನಿ ಪ್ರತಿ ಪ್ಯಾಕೇಜಿಗೂ ಬೇರೆ ಕಪಾಟು, ಅಂದರೆ ಪ್ರತ್ಯೇಕ ಡೈರೆಕ್ಟರಿ, ಕೊಟ್ಟರು. ತಾನು ಬೇಕೆಂದು ಬರೆಸಿದ ಲೈಬ್ರರಿಗಳಷ್ಟೇ ಅದರೊಳಗೆ ಇರುತ್ತವೆ. ವರ್ಷಗಳ ತಿದ್ದುಪಡಿಯ ನಂತರ ಈ ಏರ್ಪಾಡು 2020.02ರಲ್ಲಿ ಪ್ರಾಯೋಗಿಕವಾಗಿ ಸೇರಿತು. ಸರದಿಯ ಹಂಗು ತಪ್ಪಿದ್ದರಿಂದ ಹಲವು ಪ್ಯಾಕೇಜುಗಳನ್ನು ಒಟ್ಟಿಗೇ ಕಟ್ಟುವುದೂ ಸಾಧ್ಯವಾಯಿತು.

ತಪ್ಪು ಸಿಕ್ಕರೆ ಸಾಲದು, ತಿದ್ದುವವರೂ ಬೇಕು. 2016ರಲ್ಲಿ ಯೋಜನೆಗೆ ಒಂದು ಕಡತ ಸೇರಿತು. ಯಾವ ಪ್ಯಾಕೇಜಿನ ಕಾಳಜಿ ಯಾರದು ಎಂಬ ಪಟ್ಟಿ ಅದರಲ್ಲಿದೆ. ಆಟೊಬಿಲ್ಡರಿನಲ್ಲಿ ಏನಾದರೂ ಮುರಿದರೆ, ಆ ಪಟ್ಟಿ ನೋಡಿ, ಸಂಬಂಧಪಟ್ಟವರ ಹೆಸರಿಗೇ ಮಿಂಚಂಚೆ ಹೋಗುತ್ತದೆ.