ಬೇಸಿಗೆಗೆ ಮುನ್ನ ಮೇಲ್ಛಾವಣಿಯ ಕಡೆಗೊಂದು ನೋಟ

ಮಾನ್ಯ ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ,

ಬಸವಕಲ್ಯಾಣ ಹಾಗೂ ಹುಮನಾಬಾದ ತಾಲ್ಲೂಕುಗಳ ಹಳೆಯ ಮಾಳಿಗೆ ಮನೆಗಳಲ್ಲಿ ಬಾಳಿದವರಿಗೆ, ಮೇ ತಿಂಗಳ ನಡುಹಗಲಿನಲ್ಲಿಯೂ ಒಳಗೆ ತಂಪಿರುತ್ತಿದ್ದುದು ನೆನಪಿರಬಹುದು. ದಪ್ಪ ಗೋಡೆ, ತೊಲೆಗಳ ಮೇಲಿನ ಮಣ್ಣಿನ ಹೊದಿಕೆ, ನಡುವೆ ಬೆಳಕಿಂಡಿ, ಇವು ಬಿಸಿಲು ಒಳಬರುವುದನ್ನು ತಡಮಾಡಿ, ಸೇರಿದ ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತಿದ್ದವು. ಆ ಮನೆಗಳು ಮಳೆಗಾಲದಲ್ಲಿ ಸೋರುತ್ತಲೂ ಇದ್ದವು. ಆದುದರಿಂದ ಅವುಗಳನ್ನು ಬಿಟ್ಟವರನ್ನು ದೂರಲಾಗದು. ಆದರೆ ಅವುಗಳ ಜಾಗಕ್ಕೆ ಬಂದ ತಗಡು ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಕಾದು ಶಾಖವನ್ನು ಕೆಳಗೆ ಸೂಸುತ್ತದೆ. ಕಾಂಕ್ರೀಟ್ ಚಾವಣಿ ಹಗಲೆಲ್ಲ ಶಾಖವನ್ನು ಹೀರಿಕೊಂಡು ಸಂಜೆಯ ಮೇಲೆ ಒಳಗೆ ಬಿಡುತ್ತದೆ. ರಾತ್ರಿ ಫ್ಯಾನು ಬಿಸಿಗಾಳಿಯನ್ನೇ ಬೀಸುವುದು ಇದರಿಂದ.

ಇದು ವಿದ್ಯುತ್ ಬಿಲ್ಲಿನ ವಿಷಯವೂ ಹೌದು. 75 ವ್ಯಾಟ್‌ನ ಒಂದು ಫ್ಯಾನು ದಿನಕ್ಕೆ 16 ಗಂಟೆ ತಿರುಗಿದರೆ ತಿಂಗಳಿಗೆ 36 ಯೂನಿಟ್ ಆಗುತ್ತದೆ. ಕೂಲರ್ ಬಂದರೆ ಇನ್ನೂ ಹೆಚ್ಚು. ಗೃಹಜ್ಯೋತಿಯ ಉಚಿತ ಪ್ರಮಾಣವು ಮನೆಯ ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿದೆ. ಅದನ್ನು ಮೀರಿದ ಬಳಕೆಗೆ ಹಣ ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ.

ಅಗ್ಗದ ಉಪಾಯ ಬಿಳುಪು. ನೆರೆಯ ತೆಲಂಗಾಣವು 2023ರಲ್ಲಿ ತಂಪು ಚಾವಣಿಗಾಗಿಯೇ ಒಂದು ನೀತಿಯನ್ನು ಜಾರಿಗೆ ತಂದಿತು. ಅದರ ತಿರುಳು ಬಿಸಿಲನ್ನು ಹೀರಗೊಡದೆ ಹಿಂದಿರುಗಿಸುವುದು. ಕಾಂಕ್ರೀಟ್ ಚಾವಣಿಯನ್ನು ಗುಡಿಸಿ ತೊಳೆದು, ಬಿರುಕು ಮುಚ್ಚಿ, ಫೆಬ್ರವರಿಯಲ್ಲಿ ಎರಡು ಕೈ ಸುಣ್ಣ ಬಳಿದರೆ ಸಾಕು. ಮಳೆಗೆ ಅದು ತೊಳೆದುಹೋಗುವುದರಿಂದ ಪ್ರತಿವರ್ಷ ಬಳಿಯಬೇಕು. ತಗಡಿಗೆ ಮಾತ್ರ ಸುಣ್ಣ ಸಲ್ಲದು: ಸರಿಯಾಗಿ ಹಿಡಿಯುವುದಿಲ್ಲ, ಸತುವಿನ ಲೇಪವನ್ನೂ ತಿನ್ನುತ್ತದೆ. ಅದಕ್ಕೆ ಲೋಹಕ್ಕೆಂದೇ ತಯಾರಾದ ಬಿಳಿ ಬಣ್ಣ ಬೇಕು.

ತಗಡಿನ ಕೆಳಗೆ ಬಿದಿರಿನ ತಟ್ಟಿ ಅಥವಾ ಹಲಗೆಯ ಒಳಮಾಡು ಕಟ್ಟುವವರಿದ್ದಾರೆ. ಇದು ಒಳ್ಳೆಯ ಕ್ರಮವೇ, ಆದರೆ ಅರ್ಧ ಮಾಡಿ ಬಿಟ್ಟರೆ ಪ್ರಯೋಜನ ಕಡಿಮೆ. ತಗಡಿಗೂ ಒಳಮಾಡಿಗೂ ನಡುವಿನ ಗಾಳಿ ಹೊರಹೋಗಲು ದಾರಿಯಿಲ್ಲದಿದ್ದರೆ ಆ ಅಟ್ಟವೇ ಒಲೆಯಾಗುತ್ತದೆ. ಎರಡೂ ತುದಿಯ ಗೋಡೆಗಳಲ್ಲಿ, ಸಾಧ್ಯವಾದಷ್ಟು ಎತ್ತರದಲ್ಲಿ ಕಿಂಡಿ ಬಿಟ್ಟು, ಇಲಿ ನುಗ್ಗದಂತೆ ಜಾಳಿಗೆ ಬಡಿಯಬೇಕು. ಜೋಳದ ದಂಟು, ತೊಗರಿ ಕಟ್ಟಿಗೆ ತುಂಬುವುದು ಹಳೆಯ ಅಭ್ಯಾಸ. ಅಡುಗೆ ಒಲೆಯ ಮೇಲ್ಭಾಗದಲ್ಲಿ ಅದು ಬೆಂಕಿಗೆ ಆಹ್ವಾನ. ಥರ್ಮೊಕೋಲ್ ಕೂಡ ಬೇಗ ಹೊತ್ತಿಕೊಳ್ಳುತ್ತದೆ.

ಕಿಟಕಿಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವ ನಡುಹಗಲಿನಲ್ಲಿ ಕಿಟಕಿ ತೆರೆದಿಟ್ಟು, ತಂಪು ಬೀಸುವ ರಾತ್ರಿ ಮುಚ್ಚುತ್ತೇವೆ. ಕಾಂಕ್ರೀಟ್ ಮನೆಗೆ ಬೇಕಾದುದು ಇದರ ತಿರುವುಮುರುವು. ತಗಡಿನ ಮನೆ ಹಗಲಿನಲ್ಲಿ ಹೊರಗಿಗಿಂತಲೂ ಬಿಸಿಯಾಗುವುದರಿಂದ, ಅಲ್ಲಿ ಹಗಲೂ ಗಾಳಿಯಾಡಬೇಕು.

ಹೊಸ ಮನೆಗಳಲ್ಲಿ ತಮ್ಮ ಪಾತ್ರ ನೇರವಾದದ್ದು. ವಸತಿ ಯೋಜನೆಗಳ ಫಲಾನುಭವಿಗಳು ಗ್ರಾಮ ಸಭೆಯಲ್ಲಿ ಆಯ್ಕೆಯಾಗುತ್ತಾರೆ. ಕಿಟಕಿಯ ಜಾಗ ಲಿಂಟಲ್ ಹಂತದೊಳಗೆ ತೀರ್ಮಾನವಾಗಿಬಿಡುವುದರಿಂದ, ತಳಪಾಯದ ಛಾಯಾಚಿತ್ರ ತೆಗೆಯುವ ದಿನವೇ ಈ ಮಾತು ಆಡುವುದು ಸೂಕ್ತ. ಕೇಂದ್ರದ ಇಕೋ ನಿವಾಸ್ ಸಂಹಿತಾ, 2018, ಬಿಸಿ-ಒಣ ಹವೆಯ ಪ್ರದೇಶಗಳಿಗೆ ನೆಲದ ವಿಸ್ತೀರ್ಣದ ಶೇ. 10ರಷ್ಟು ತೆರೆಯಬಹುದಾದ ಕಿಟಕಿ-ಬಾಗಿಲು ಕೇಳುತ್ತದೆ. ಹಳ್ಳಿಯ ಸಣ್ಣ ಮನೆಗೆ ಅದು ಕಡ್ಡಾಯವಲ್ಲ, ಅಳತೆ ಮಾತ್ರ ಉಪಯುಕ್ತ: 10 ಅಡಿ ಅಗಲ, 12 ಅಡಿ ಉದ್ದದ ಕೋಣೆಗೆ 12 ಚದರ ಅಡಿ, ಅದೂ ಎದುರುಬದುರು ಗೋಡೆಗಳಲ್ಲಿ.

ಹಣ ಸೀಮಿತವಾಗಿದ್ದರೆ ಮೊದಲ ಸುಣ್ಣ ಅಂಗನವಾಡಿಗೆ ಸಲ್ಲಲಿ. ಸೆಕೆಯನ್ನು ಹೇಳಿಕೊಳ್ಳಲು ಬಾರದ ಮಕ್ಕಳು ಅಲ್ಲಿದ್ದಾರೆ. ಈ ಬಾಬನ್ನು ದುರಸ್ತಿ ಕಾಮಗಾರಿಯಾಗಿ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಿಸುವ ಕುರಿತು ಸಾಮಾನ್ಯ ಸಭೆಯಲ್ಲಿ ಚರ್ಚಿಸಬಹುದು.

ಹಳೆಯ ಆಸ್‌ಬೆಸ್ಟಾಸ್ ಸಿಮೆಂಟ್ ಶೀಟುಗಳಿರುವ ಕಟ್ಟಡಗಳಲ್ಲಿ ಶೀಟನ್ನು ಉಜ್ಜುವುದು, ಕೊರೆಯುವುದು, ಒಡೆಯುವುದು ಬೇಡ; ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಅವುಗಳ ಮೇಲೆ ಯಾರನ್ನೂ ಹತ್ತಿಸಲೂಬಾರದು.